ಹಳೇಮಗ: ಯಾರ ಮಗ?

ಗೆಳೆಯರೇ, ಕನ್ನಡದಲ್ಲಿ ಒಂದು ಪದ ಇದೆ: ಹಳೇಮಗ. ಕೇಳಲಿಕ್ಕೆ ಎಷ್ಟು ತಂಪು! ಆದರೆ ಇವನು ಮಗನೂ ಅಲ್ಲ, ಮನೆಯೊಳಗೂ ಇಲ್ಲ. ಹಳೇ ಮೈಸೂರು ಸೀಮೆಯಲ್ಲಿ ಒಕ್ಕಲಿಗ ಒಡೆಯನ ಮನೆಗೆ ತಲೆತಲಾಂತರದಿಂದ ಗಂಟು ಹಾಕಿದ ಹೊಲಗೇರಿಯವನಿಗೆ ಈ ಹೆಸರು. 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯೊಂದರಲ್ಲಿ ಕೂತು ಎಂ. ಎನ್. ಶ್ರೀನಿವಾಸ್ ಇದನ್ನು ಬರೆದುಕೊಂಡರು. ಒಡೆಯನ ಮನೆಯಲ್ಲಿ ಮದುವೆ ಬಂದರೆ ಸೌದೆ ಒಡೆಯುವವನು ಹಳೇಮಗ, ಮದುಮಗನಿಗೆ ಜೋಡು ತಂದುಕೊಡುವವನು ಹಳೇಮಗ. ಎತ್ತು ಸತ್ತರೆ ಎಳೆದುಕೊಂಡು ಹೋಗುವವನೂ ಅವನೇ. ಹೊಟ್ಟೆಯ ಮಗನಿಗೆ ಹೊಲ, ಹಳೇಮಗನಿಗೆ ಸತ್ತ ಎತ್ತು. ಇದು ಆ ಮನೆಯ ಪಾಲು!

ಪದವನ್ನು ಒಡೆದು ನೋಡಿರಿ. ಹಳಗನ್ನಡದ 'ಪೞೆಯ'ವೇ ನಮ್ಮ 'ಹಳೆಯ'. ಇಲ್ಲಿ ಹಳತಾದದ್ದು ವಯಸ್ಸಲ್ಲ, ದುಡಿತ. ಅಜ್ಜ ದುಡಿದ, ಅಪ್ಪ ದುಡಿದ. ಆದ್ದರಿಂದ ನಿನ್ನೆ ಹುಟ್ಟಿದ ಕೂಸೂ ಹಳೇಮಗ. ತೊಟ್ಟಿಲಲ್ಲೇ ಹಳತಾಗೋ ಕೂಸು ಮತ್ಯಾರ ಮನ್ಯಾಗ ಹುಟ್ಟತೈತಿ ಹೇಳ್ರಿ? ಇನ್ನು 'ಮಗ'. ಮಗ ಎಂದ ಮೇಲೆ ಕೂಲಿ ಕೇಳುವಂತಿಲ್ಲ, ಮಗ ಅಪ್ಪನ ಕಡೆ ಪಗಾರ ಕೇಳ್ತಾನೇನು? ಪಾಲನ್ನೂ ಕೇಳುವಂತಿಲ್ಲ, ಯಾಕಂದ್ರ ಜಾತಿ ಬ್ಯಾರೆ. ಎರಡೂ ಕಡೆಯಿಂದ ಬಾಯಿ ಕಟ್ಟುವ ಪದ ಇದು. ಹೆಣ್ಣಾಳಿಗೆ ಈ ಸುಳ್ಳು ಮರ್ಯಾದೆಯೂ ಇಲ್ಲ. ಆಕೆ ತೊತ್ತು, ಆಕೆಯ ಹೊಟ್ಟೆಯಲ್ಲಿ ಹುಟ್ಟಿದವನು ಬೈಗುಳ. 1973ರಲ್ಲಿ ಬಸವಲಿಂಗಪ್ಪನವರು 'ಬೂಸಾ' ಅಂದಾಗ ಬೀದಿಗಿಳಿದ ಕನ್ನಡಾಭಿಮಾನಿಗಳಿಗೆ ಇಂಥ ಕನ್ನಡ ಎಂದೂ ಚುಚ್ಚಲಿಲ್ಲ.

ನಮ್ಮ ಸಂಶಿ, ಕುಂದಗೋಳ ಕಡೆ ಆ ಪದವೇ ಬೇಕಂತಿಲ್ಲ. 'ಆಳಮಗ' ಐತಿ, 'ಸಂಬಳದಾಳು' ಐತಿ. "ಅವ ನಮ್ಮ ಮನೀ ಮಗ ಇದ್ದಂಗ್ರಿ" ಅನ್ನೋ ಗೌಡರ ಮಾತೂ ಐತಿ. ಮಗ ಇದ್ದಂಗ ಇದ್ದವನ ಚಹಾದ ಕಪ್ಪು ಮಾತ್ರ ಗ್ವಾದಲಿ ಮ್ಯಾಲಿನ ಮಾಡದಾಗ! ಮಾದಾರ ಚೆನ್ನಯ್ಯನ ಮನೆಯ ದಾಸನ ವಂಶ ತನ್ನದೆಂದು ಹೇಳಿಕೊಂಡ ಬಸವಣ್ಣನ ವಚನಗಳನ್ನು ಹಾಡುವವರೂ ಇವರೇ.

ಧಾರವಾಡ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ, 1928ರಲ್ಲಿ, ಬಾಬಾಸಾಹೇಬರು ವತನದ ಹೆಸರಿನ ವಂಶಪಾರಂಪರ್ಯ ಚಾಕರಿಯ ವಿರುದ್ಧ ಮುಂಬಯಿ ಕೌನ್ಸಿಲಿನಲ್ಲಿ ಮಸೂದೆ ಮಂಡಿಸಿದರು. ಸಾಲದ ಹೆಸರಿನಲ್ಲಿ ದುಡಿಸುವ ಜೀತವನ್ನು 1976ರ ಕಾಯ್ದೆ ರದ್ದು ಮಾಡಿತು, ಜೀತದ ಸಾಲವನ್ನೂ ಹರಿಯಿತು. ಪ್ರೀತಿಯ ಹೆಸರಿನಲ್ಲಿ ದುಡಿಸಿದರೆ ಯಾವ ಕಲಮು ಹಚ್ಚೋಣ?

ಹಾಸ್ಟೆಲ್ ಗೆಳೆಯರೇ, ಸೂಟಿಗೆ ಊರಿಗೆ ಹೋದಾಗ ಕೇರಿಯ ಮುದುಕರನ್ನು ಕೇಳ್ರಿ: ಯಾವ ಮನೆಗೆ ದುಡಿದಿರಿ, ಎಷ್ಟು ತಲೆಮಾರು, ಏನಂತ ಕರೀತಿದ್ರು, ಏನು ಕೊಟ್ರು? ಬರೆದು ತನ್ನಿರಿ. ಮುಂದಿನ ಸಭೆಯಲ್ಲಿ ಓದೋಣ.