ಸತ್ತದ್ದು ಮದರ್‌ಬೋರ್ಡೋ, ನಮ್ಮ ತಿಳಿವೋ?

ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಎಷ್ಟೋ ಶಾಲೆಗಳ ಕಂಪ್ಯೂಟರ್ ಕೋಣೆಗಳಲ್ಲಿ ಒಂದೇ ತೀರ್ಪು ಕೇಳಿಬರುತ್ತದೆ: ‘ಮದರ್‌ಬೋರ್ಡ್ ಹೋಗಿದೆ’. ಅಲ್ಲಿಗೆ ವಿಚಾರಣೆ ಮುಗಿಯಿತು. ಮುಂದಿನದು ಗುಜರಿಯ ತಕ್ಕಡಿ. ನಾಡಿ ಹಿಡಿದು ನೋಡದೆ ಮರಣಪತ್ರ ಬರೆಯುವ ಈ ಪದ್ಧತಿಯನ್ನು ನಾವು ಪ್ರಶ್ನಿಸಬೇಕಾಗಿದೆ.

ಮದರ್‌ಬೋರ್ಡ್ ಎಂಬುದು ಒಂದೇ ವಸ್ತುವಲ್ಲ. ನೂರಾರು ಬಿಡಿಭಾಗಗಳು ಕೂಡಿ ಬಾಳುವ ಊರು. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಹಲಗೆ. ಅದರ ಪದರಗಳಲ್ಲಿ ತಾಮ್ರದ ದಾರಿಗಳು. ಲೆಕ್ಕ ಮಾಡುವ ಪ್ರೊಸೆಸರ್ ಒಂದೆಡೆ, ಕೆಲಸದ ಹೊತ್ತಿನ ನೆನಪಾದ ರ‍್ಯಾಮ್ ಪಕ್ಕದಲ್ಲಿ. ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಕೆಪಾಸಿಟರ್‌ಗಳು ಪುಟ್ಟ ಡಬ್ಬಿಗಳಂತೆ ನಿಂತಿರುತ್ತವೆ. ನಾಣ್ಯದಾಕಾರದ ಲಿಥಿಯಂ ಸೆಲ್ ಒಂದು, ಯಂತ್ರ ಮಲಗಿದಾಗಲೂ ಗಡಿಯಾರವನ್ನು ನಡೆಸುತ್ತದೆ.

ಈ ಊರಿನಲ್ಲಿ ಒಂದು ಮನೆಗೆ ಕಾಯಿಲೆಯಾದರೆ ಊರನ್ನೇ ಸುಡುತ್ತೇವೆಯೇ? ತಾರೀಖು ಪದೇಪದೇ ತಪ್ಪುತ್ತಿದ್ದರೆ ಸೆಲ್ ಬದಲಿಸಿದರೆ ಸಾಕಾಗಬಹುದು. ಯಂತ್ರ ಬೀಪ್ ಎಂದು ಕೂಗಿ ನಿಂತರೆ, ಥಂಡಿಯಿಂದ ಮಾಸಿದ ರ‍್ಯಾಮ್‌ನ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ ನೋಡಬೇಕು. ಕೆಪಾಸಿಟರ್‌ನ ನೆತ್ತಿ ಉಬ್ಬಿದ್ದರೆ ಬೆಸುಗೆ ಬಲ್ಲವರು ಅದೊಂದನ್ನೇ ಬದಲಿಸಬಲ್ಲರು. ಸಿಡಿಲು ಬಡಿದ ಬೋರ್ಡ್ ನಿಜವಾಗಿಯೂ ಸತ್ತಿರಬಹುದು. ಆದರೆ ಅದನ್ನು ಪರೀಕ್ಷೆ ಹೇಳಬೇಕು, ಊಹೆಯಲ್ಲ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ವಿದ್ಯಾರ್ಥಿಗಳು ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರಲ್ಲಿ ಅಪಾಯದ ವಿದ್ಯುತ್ ಉಳಿದಿರುತ್ತದೆ.

‘ಗುಜರಿಗೆ ಹಾಕಿದರೂ ಅದರಿಂದ ಚಿನ್ನ ತೆಗೆಯುತ್ತಾರಲ್ಲ’ ಎನ್ನುವವರಿದ್ದಾರೆ. ನಿಜ, ಒಂದು ಟನ್ ಬೋರ್ಡುಗಳಲ್ಲಿ ಒಂದು ಟನ್ ಅದಿರಿಗಿಂತ ಎಷ್ಟೋ ಪಟ್ಟು ಹೆಚ್ಚು ಚಿನ್ನವಿರುತ್ತದೆ. ಆದರೆ ಅದನ್ನು ತೆಗೆಯುವುದು ಹೇಗೆ? ಬಯಲಲ್ಲಿ ಸುಟ್ಟು, ಆಮ್ಲದಲ್ಲಿ ಅದ್ದಿ. ಹಳೆಯ ಬೆಸುಗೆಯ ಸೀಸ ಮಣ್ಣಿಗೆ, ಹಲಗೆಯ ಬ್ರೋಮಿನ್ ಸಂಯುಕ್ತಗಳ ಹೊಗೆ ಬಡ ಕೂಲಿಯ ಶ್ವಾಸಕೋಶಕ್ಕೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಸಿದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ.

ಕುದುರೆಮುಖದ ಗಣಿ 2005ರ ಕೊನೆಗೆ ನಿಂತಾಗ ಸಂತೋಷಪಟ್ಟವರು ನಾವು. ಹೊಸ ಬೋರ್ಡಿಗೆ ಬೇಕಾದ ತಾಮ್ರ, ತವರ, ಚಿನ್ನಗಳೂ ಯಾವುದೋ ನೆಲವನ್ನು ಬಗೆದೇ ಬರುತ್ತವೆ. ನಮ್ಮ ಬೆಟ್ಟ ಉಳಿಯಲಿ, ಇನ್ನೊಬ್ಬರದು ಹೋಗಲಿ ಎನ್ನುವುದು ಪರಿಸರ ಪ್ರೇಮವಲ್ಲ.

ತಪ್ಪು ನಮ್ಮದೊಂದೇ ಅಲ್ಲ. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಒಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆಯಾಗಲಿ ಹೊಸ ಪ್ರೊಸೆಸರ್ ಆಗಲಿ ಇಲ್ಲದ, ಆದರೆ ಗಟ್ಟಿಮುಟ್ಟಾಗಿರುವ ಯಂತ್ರಗಳು ಇದರಿಂದ ಕಸದ ಅಂಚಿಗೆ ಬಂದವು. ಇದು ಹಲಗೆಯ ಸಾವಲ್ಲ, ಮಾರುಕಟ್ಟೆ ವಿಧಿಸಿದ ನಿವೃತ್ತಿ. ಕನ್ನಡ ಬರೆಯಲು, ಲೆಕ್ಕ ಕಲಿಯಲು, ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡ ಹಳೆಯ ಯಂತ್ರ ಧಾರಾಳ ಸಾಕು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಕಂಪ್ಯೂಟರ್ ಪಾಠವೆಂದರೆ ಗುಂಡಿ ಒತ್ತುವುದಷ್ಟೇ ಅಲ್ಲ. ಮುಚ್ಚಳ ತೆರೆದು ತೋರಿಸಿ ಎಂದು ಗುರುಗಳನ್ನು ಕೇಳಿರಿ. ಗ್ರಾಮಸ್ಥರೇ, ಪರೀಕ್ಷೆಯಾಗದ ಯಂತ್ರವನ್ನು ಶಾಲೆಯಿಂದ ಹೊರಹಾಕಲು ಒಪ್ಪದಿರಿ. ಸತ್ತದ್ದು ಖಚಿತವಾದರೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಸೇರಿಸಿರಿ. ಹಳ್ಳದ ದಂಡೆಗಲ್ಲ, ಒಲೆಗಂತೂ ಅಲ್ಲ.

ನೇಗಿಲಿನ ಗುಳ ಸವೆದರೆ ನಮ್ಮ ಹಿರಿಯರು ನೇಗಿಲನ್ನು ಎಸೆಯಲಿಲ್ಲ, ಕಮ್ಮಾರನ ಕುಲುಮೆಗೆ ನಡೆದರು. ಆ ವಿವೇಕ ಈ ಹಸಿರು ಹಲಗೆಗೂ ಸಲ್ಲಬೇಕು.