ದೋಣಿಯೂ ತೆರಿಗೆಯೂ

ಮೆಣಸೆಯ ನಮ್ಮ ಮಿತ್ರರೊಬ್ಬರಿಗೆ ಒಂದು ದೋಣಿಯನ್ನು ಕೊಂಡು ತುಂಗೆಯಲ್ಲಿ ವಿಹರಿಸುವ ಹಂಬಲವುಂಟಾಯಿತು. ಆದರೆ 2025ನೆಯ ಇಸವಿ ಸೆಪ್ಟೆಂಬರ್ 22ರಿಂದ ವಿಹಾರನೌಕೆಯನ್ನು ಕೊಳ್ಳುವವರಿಗೆ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ 40. ಹುಟ್ಟುಹಾಕುವ ದೋಣಿಗೆ 18. ಮೀನು ಹಿಡಿಯುವ ನೌಕೆಗೆ 5 ಮಾತ್ರ.

“ಯಂತ್ರವನ್ನು ಬಿಟ್ಟು ಹುಟ್ಟನ್ನು ಹಿಡಿದರೆ 22 ಉಳಿಯಿತು, ಅಂಚಿಗೊಂದು ಬಲೆಯನ್ನು ತೂಗಹಾಕಿದರೆ ಇನ್ನೂ 13 ಉಳಿಯಿತು!” ಎಂದು ಅವರು ಹಿಗ್ಗಿದರು. ಆದರೆ ನೆರೆಯ ಶೃಂಗೇರಿಯಲ್ಲಿ ಮಠದ ಸೋಪಾನದ ಬಳಿಯ ಮೀನುಗಳಿಗೆ ಯಾತ್ರಿಕರು ಮಂಡಕ್ಕಿಯನ್ನು ಹಾಕುವರೇ ಹೊರತು ಬಲೆಯನ್ನಲ್ಲ. ಇಂಥ ಹೊಳೆಯಲ್ಲಿ ಇವರನ್ನು ಮೀನುಗಾರರೆಂದು ನಂಬುವವರಾರು?

“ಹಾಗಾದರೆ ಇದು ವಿಹಾರವೇ ಅಲ್ಲವೆಂದು ಸಾಧಿಸುವೆನು. ಆಷಾಢದ ಮಳೆಯಲ್ಲಿ ಕಂಬಳಿ ಹೊದ್ದು, ನಡುಗುತ್ತ ದೋಣಿಯಲ್ಲಿ ಕುಳಿತಿರುವೆನು” ಎಂದರು.

ಆಗ ಅವರ ಮನೆಯಾಕೆಯು ನಕ್ಕು, “ಸೇತುವೆಯಿಲ್ಲದ ಕಾಲದಲ್ಲಿ ನಮ್ಮ ತವರಿನ ಅಡಕೆಯ ಮೂಟೆಯೂ ಬಾಣಂತಿಯೂ ಹೊಳೆಯನ್ನು ದಾಟಿದ್ದು ದೋಣಿಯಲ್ಲಿಯೇ, ಅದನ್ನು ವಿಹಾರವೆಂದವರಿಲ್ಲ. ನಿಮಗಾದರೋ ಸೇತುವೆಯಿದೆ. ನಡೆದುಹೋಗಿರಿ, ತೆರಿಗೆಯೇ ಇಲ್ಲ!” ಎಂದರಂತೆ.

ಮಿತ್ರರು ಮೌನವಾದರು. ನಮಗೆ ಮಾತ್ರ ಆ 18 ಇನ್ನೂ ಚುಚ್ಚುತ್ತಿದೆ. ಹೊಳೆಯಾಚೆ ಮನೆಯುಳ್ಳ ಬಡವನಿಗೆ ದೋಣಿಯು ಮನೆಯ ಹೊಸಿಲಿದ್ದಂತೆ. ಹೊಸಿಲನ್ನು ದಾಟುವುದಕ್ಕೂ ಸುಂಕವುಂಟೇ?