ರಾತ್ರಿ ಒಂಬತ್ತರ ‘ಜೈನ್ ಊಟ’

ಬೆಂಗಳೂರಿನ ದೊಡ್ಡ ಸಸ್ಯಾಹಾರಿ ಹೋಟೆಲುಗಳಲ್ಲಿ ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ಕಾಣುವ ಒಂದು ದೃಶ್ಯ ಈಗ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಶ್ರಾವಕ ಕುಟುಂಬವೊಂದು ಮೇಜಿನ ಸುತ್ತ ನೆರೆದಿರುತ್ತದೆ. ಮನೆಯ ಯಜಮಾನರು ಮಾಣಿಯನ್ನು ಕರೆದು, ಎಲ್ಲವೂ ‘ಜೈನ್’ ಆಗಿರಲಿ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಸೋಕಬಾರದು ಎಂದು ಎರಡೆರಡು ಬಾರಿ ತಾಕೀತು ಮಾಡುತ್ತಾರೆ. ಮಾಣಿ ತಲೆಯಾಡಿಸುತ್ತಾನೆ. ಅಲ್ಲಿಗೆ ಆ ಕುಟುಂಬದ ಧರ್ಮಚಿಂತೆ ಮುಗಿಯುತ್ತದೆ. ರಾತ್ರಿಭೋಜನ ತ್ಯಾಗದ ವ್ರತವಿರುವ ಅಜ್ಜಿಯೊಬ್ಬರೇ ನೀರನ್ನೂ ಮುಟ್ಟದೆ ಕುಳಿತಿರುತ್ತಾರೆ.

ಬೆಂಗಳೂರಿನಲ್ಲಿ ನವೆಂಬರ್ ತಿಂಗಳ ಸೂರ್ಯ 6 ಗಂಟೆಗೆ ಮುನ್ನವೇ ಮುಳುಗುತ್ತಾನೆ. ಜುಲೈ ಆರಂಭದ ದೀರ್ಘ ದಿನಗಳಲ್ಲಿಯೂ 7ರವರೆಗೆ ನಿಲ್ಲುವುದಿಲ್ಲ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಮೊದಲೇ ಕೈ ತೊಳೆಯುವುದು ಹಿರಿಯರ ರೂಢಿ. ರಾತ್ರಿಯೂಟಕ್ಕೆ 7ರ ಮೇಲೆ ಬಾಗಿಲು ತೆರೆಯುವ ಭೋಜನಗೃಹದಲ್ಲಿ ಆ ರೂಢಿಗೆ ಒಪ್ಪುವ ಊಟ ವರ್ಷದ ಒಂದು ದಿನವೂ ದೊರೆಯಲಾರದು. ಆದರೂ ‘ಜೈನ್’ ಎಂಬ ಶಬ್ದ ಅಲ್ಲಿ ಪ್ರತಿ ರಾತ್ರಿಯೂ ಮಾರಾಟವಾಗುತ್ತದೆ. ಮಾರುವವನದು ವ್ಯಾಪಾರ, ಅವನನ್ನು ದೂರಿ ಫಲವಿಲ್ಲ. ಕೊಳ್ಳುವವರ ಮಾತನ್ನೇ ಆಡಬೇಕಾಗಿದೆ.

ಅಹಿಂಸಾವ್ರತದ ಐದು ಭಾವನೆಗಳಲ್ಲಿ ತತ್ತ್ವಾರ್ಥಸೂತ್ರವು ಆಲೋಕಿತಪಾನಭೋಜನವನ್ನೂ ಎಣಿಸಿದೆ. ಉಣ್ಣುವುದನ್ನೂ ಕುಡಿಯುವುದನ್ನೂ ಬೆಳಕಿನಲ್ಲಿ ಕಣ್ಣಿಟ್ಟು ನೋಡಿ ಸ್ವೀಕರಿಸಬೇಕೆಂಬುದು ಅದರ ಆಶಯ. ಇಂದಿನ ದುಬಾರಿ ಹೋಟೆಲುಗಳ ಸೊಗಸೋ ಮಬ್ಬುಬೆಳಕಿನಲ್ಲಿಯೇ ಇದೆ. ಬಟ್ಟಲಲ್ಲಿರುವುದು ಏನೆಂದು ನಾಲಿಗೆಗೆ ತಿಳಿಯಬೇಕೇ ಹೊರತು ಕಣ್ಣಿಗಲ್ಲ. ವಿದ್ಯುದ್ದೀಪ ಉರಿಯುವಾಗ ಹಗಲೇನು ಇರುಳೇನು ಎಂದು ತರುಣರು ಕೇಳುವುದುಂಟು. ಪ್ರಶ್ನೆ ಹೊಸದಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದೀಪ ಹಚ್ಚಿಕೊಂಡು ಉಣ್ಣುವವನನ್ನು ಕುರಿತೇ ಹೇಳಿ, ಅನ್ನವನ್ನು ಸೇರುವ ಸೂಕ್ಷ್ಮಜೀವಿಗಳ ಹಿಂಸೆಯಿಂದ ಅವನೂ ಪಾರಾಗಲಾರನೆಂದು ತೋರಿಸಿದ್ದಾರೆ.

ಗೆಡ್ಡೆಯ ವಿಷಯದಲ್ಲಿ ತೋರುವ ಕಟ್ಟುನಿಟ್ಟಾದರೂ ಸುಸಂಗತವೇ? ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೊದಲ ಮೆಟ್ಟಿಲು. ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿಸಿ ‘ಜೈನ್’ ಮಾಡಿಸಿಕೊಂಡ ಹನಿ ಚಿಲ್ಲಿಯಲ್ಲಿ ಜೇನು ಹಾಗೆಯೇ ಉಳಿದಿರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ನಿಶ್ಚಿಂತರಾಗುವವರೂ ಇದನ್ನು ಗಮನಿಸಬೇಕು: ಸರ್ಕಾರದ ಆಹಾರ ನಿಯಮಗಳು ಜೇನುತುಪ್ಪವನ್ನು ಮಾಂಸಾಹಾರವೆಂದು ಎಣಿಸುವುದಿಲ್ಲ. ಆ ಚುಕ್ಕೆ ಕಾನೂನಿನ ಗುರುತೇ ಹೊರತು ಶ್ರಾವಕಾಚಾರದ ಗುರುತಲ್ಲ.

ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೊಂದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿ ಮೊದಲಾದವುಗಳ ತ್ಯಾಗವನ್ನು ಹೇಳಿರುವುದು ಭೋಗೋಪಭೋಗ ಪರಿಮಾಣವ್ರತದ ಸಂದರ್ಭದಲ್ಲಿ. ಭೋಗಕ್ಕೆ ತಾನೇ ಎಲ್ಲೆ ಹಾಕಿಕೊಳ್ಳುವುದು ಆ ವ್ರತ. ನಾಲಿಗೆಯ ಚಾಪಲ್ಯವನ್ನು ಕಿರಿದುಗೊಳಿಸಲು ಹುಟ್ಟಿದ ಈ ತ್ಯಾಗ ಇಂದು ಜೈನ್ ಪಾವ್‌ಭಾಜಿ, ಜೈನ್ ಪಿಜ್ಜಾ, ಜೈನ್ ಮಂಚೂರಿಯನ್ ಎಂದು ತಿಂಡಿಪಟ್ಟಿಯ ಪುಟಗಳನ್ನು ಬೆಳೆಸುತ್ತಿದೆ. ಪರಿಮಾಣವೆಂಬ ಹೆಸರಿನ ವ್ರತಕ್ಕೆ ಇಂಥ ಗತಿ ಬಂದೀತೆಂದು ಯಾರು ಊಹಿಸಿದ್ದರು! ಬಿಟ್ಟದ್ದು ಒಂದು ಗೆಡ್ಡೆ, ಹಿಡಿದದ್ದು ಹತ್ತು ಖಾದ್ಯ.

ಅಡುಗೆಮನೆಯ ಸಂಗತಿ ಎಲ್ಲರೂ ಬಲ್ಲದ್ದೇ. ಈರುಳ್ಳಿ ಟೊಮೆಟೊ ಅರೆದ ಗ್ರೇವಿ ಮೊದಲೇ ಸಿದ್ಧವಾಗಿರುತ್ತದೆ. ಕಾವಲಿ ಒಂದೇ, ಸೌಟು ಒಂದೇ, ಒಗ್ಗರಣೆಯ ಬಾಣಲೆಯೂ ಹಲವು ಕಡೆ ಒಂದೇ. ನೂಕುನುಗ್ಗಲಿನ ಹೊತ್ತಿನಲ್ಲಿ ‘ಹೌದು ಸಾರ್, ಜೈನ್’ ಎನ್ನುವ ಹುಡುಗನಿಗೆ ಅದು ನಿಜವೇ ಎಂದು ತಿಳಿಯುವ ದಾರಿಯಿಲ್ಲ. ಪಲ್ಯದಲ್ಲಿ ಈರುಳ್ಳಿಯ ಚೂರೊಂದು ಕಂಡಿತೆನ್ನೋಣ. ಅವನನ್ನು ನಾಲ್ಕು ಜನರ ಮುಂದೆ ಗದರಿಸಿ ಬಟ್ಟಲನ್ನು ಹಿಂದಿರುಗಿಸಲಾಗುತ್ತದೆ. ಆ ಪದಾರ್ಥ ಕಸದ ತೊಟ್ಟಿಗೆ ಬೀಳುತ್ತದೆ, ಮತ್ತೊಂದಕ್ಕೆ ಒಲೆ ಉರಿಯುತ್ತದೆ. ಕಟುವಚನ, ಅನ್ನದ ನಾಶ, ಇಮ್ಮಡಿ ಆರಂಭಹಿಂಸೆ, ಇವೆಲ್ಲ ಒಂದು ಈರುಳ್ಳಿಯ ಚೂರಿಗಾಗಿ! ತನ್ನ ವ್ರತದ ಹೊರೆಯನ್ನು ಹೊಟ್ಟೆಪಾಡಿಗೆ ಬಂದ ಪರವೂರ ಹುಡುಗನ ಹೆಗಲಿಗೆ ಹೊರಿಸುವುದಕ್ಕೆ ಯಾವ ಶ್ರಾವಕಾಚಾರದಲ್ಲಿ ಆಧಾರವಿದೆ?

ಕಚೇರಿಯಿಂದ ಮನೆ ಸೇರುವಾಗಲೇ ಎಂಟಾಗುತ್ತದೆ, ನಗರಜೀವನದಲ್ಲಿ ಇದೆಲ್ಲ ಸಾಧ್ಯವೇ ಎಂಬ ಮಾತಿದೆ. ದುಡಿಯುವವರ ಕಷ್ಟ ಸುಳ್ಳಲ್ಲ. ಆದರೆ ಭಾನುವಾರ ಕಚೇರಿಯಿಲ್ಲ. ಅಂದು ಹಗಲೂಟಕ್ಕೆ ಹೋಗಲು ಅಡ್ಡಿ ಏನು? ಇದೇ ಕುಟುಂಬಗಳು ಕ್ಷೇತ್ರಯಾತ್ರೆಯಲ್ಲಿ ಹೊತ್ತು ಮುಳುಗುವ ಮುನ್ನ ಭೋಜನಶಾಲೆಯಲ್ಲಿ ಪಂಕ್ತಿಗೆ ಕೂರುತ್ತವೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4 ಲಕ್ಷ 40 ಸಾವಿರ, ನೂರಕ್ಕೆ ಒಬ್ಬರೂ ಇಲ್ಲ. ಇಷ್ಟು ಕಿರಿದಾದ ಸಮಾಜ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ತನ್ನ ಹೆಸರನ್ನು ಅಚ್ಚು ಹಾಕಿಸಬಲ್ಲುದಾದರೆ, ಸಂಜೆ ಐದಕ್ಕೆ ಊಟ ಬಡಿಸಿರೆಂದು ಕೇಳಲಾರದೇ? ಕೇಳಿಲ್ಲ, ಏಕೆಂದರೆ ಬೇಕಾಗಿಲ್ಲ.

ಬಸದಿಗಳ ಆಡಳಿತ ಮಂಡಳಿಗಳೂ ಇಲ್ಲಿ ನಿರ್ದೋಷಿಗಳಲ್ಲ. ಸಮಾಜದ ಕಲ್ಯಾಣಮಂಟಪಗಳ ನಿಯಮಪತ್ರದಲ್ಲಿ ಕಂದಮೂಲ ನಿಷಿದ್ಧವೆಂದು ದಪ್ಪಕ್ಷರದಲ್ಲಿ ಬರೆದಿರುವುದುಂಟು. ಊಟದ ಗಂಟೆಯ ಮಾತೇ ಇರುವುದಿಲ್ಲ. ಅದೇ ಮಂಟಪದಲ್ಲಿ ಆರತಕ್ಷತೆಯ ಪಂಕ್ತಿ ರಾತ್ರಿ ಹತ್ತರವರೆಗೆ ನಡೆಯುತ್ತದೆ. ನಿಯಮಪತ್ರಕ್ಕೆ ಇನ್ನೊಂದು ಸಾಲು ಸೇರಿಸಲು ಮಂಡಳಿಯ ಒಂದು ಸಭೆ ಸಾಕು. ಸಂಜೆಯ ಬಾಡಿಗೆ ಕೆಲವು ಕೈತಪ್ಪೀತೆಂಬ ಅಳುಕಿನಿಂದ ಆ ಸಾಲು ಇನ್ನೂ ಸೇರಿಲ್ಲ.